ಎಳೆಮಗುವಿನ ಫಿಟ್ಸಿಗೆ ಜೀನ್ ಪರೀಕ್ಷೆ: ಬೇಕೇ, ಬೇಡವೇ?

ಬಸವನಗುಡಿಯಲ್ಲಿ ಆಟೊ ಹತ್ತಿದರೆ, ಟ್ರಾಫಿಕ್ ದಯೆ ತೋರಿದ ದಿನ, ನಿಮ್ಹಾನ್ಸನ್ನೋ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯನ್ನೋ ಅರ್ಧ ಗಂಟೆಯೊಳಗೆ ಮುಟ್ಟಬಹುದು. ಚಾಮರಾಜಪೇಟೆಯವರಿಗೆ ವಾಣಿ ವಿಲಾಸ ಆಸ್ಪತ್ರೆ ಇನ್ನೂ ಹತ್ತಿರ. ಮಲ್ಲೇಶ್ವರದ ಮಗ್ಗುಲಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಹತ್ತು ಸಾವಿರ ಭಾರತೀಯರ ಜೀನೋಮ್ ಓದಲು ಹೊರಟ ‘ಜೀನೋಮ್ ಇಂಡಿಯಾ’ ಯೋಜನೆಯನ್ನು ಮುನ್ನಡೆಸಿದ ಮಿದುಳು ಸಂಶೋಧನಾ ಕೇಂದ್ರ ಇರುವುದು ಅದರ ಆವರಣದಲ್ಲೇ. ಎಲೆಕ್ಟ್ರಾನಿಕ್ ಸಿಟಿಯ ಕಡೆ ಹೋದರೆ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸಿಗುತ್ತದೆ. ಖಾಸಗಿ ಜೀನ್ ಪ್ರಯೋಗಾಲಯಗಳೂ ಊರಲ್ಲಿವೆ. ಹೀಗಾಗಿ ಹಳೇ ಬೆಂಗಳೂರಿನ ಮನೆಯೊಂದರಲ್ಲಿ ಐದಾರು ತಿಂಗಳ ಕೂಸಿಗೆ ಮೇಲಿಂದ ಮೇಲೆ ಫಿಟ್ಸ್ ಬರತೊಡಗಿದರೆ, ಜೀನ್ ಪರೀಕ್ಷೆ ಎಲ್ಲಿ ಸಿಗುತ್ತದೆ ಎಂಬ ಚಿಂತೆ ಆ ಮನೆಯವರಿಗಿಲ್ಲ. ಮಾಡಿಸಬೇಕೇ, ಮಾಡಿಸಿದರೆ ಯಾವಾಗ, ಮಾಡಿಸಿ ಪ್ರಯೋಜನವೇನು ಎಂಬುದೇ ಅವರ ಮುಂದಿರುವ ಪ್ರಶ್ನೆ. ಇದಕ್ಕೆ ಎರಡು ಉತ್ತರಗಳಿವೆ. ಎರಡನ್ನೂ ಹೇಳುವವರು ತಿಳಿದವರೇ.

ಯಾವ ಕಾಯಿಲೆಯ ಮಾತು ಎಂಬುದು ಮೊದಲು ಸ್ಪಷ್ಟವಾಗಲಿ. ಜ್ವರ ಏರಿದಾಗ ಒಂದೆರಡು ನಿಮಿಷ ಕೈಕಾಲು ಅದುರಿ ಸುಮ್ಮನಾಗುವ ಮಕ್ಕಳು ಬಹಳ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಗೆ ಹೀಗಾಗುವುದುಂಟು. ಹೆಚ್ಚಿನವರು ಬೆಳೆಯುತ್ತ ಅದನ್ನು ದಾಟಿಬಿಡುತ್ತಾರೆ. ಇಲ್ಲಿ ಹೇಳುತ್ತಿರುವುದು ಆ ಗುಂಪನ್ನಲ್ಲ. ಮೊದಲ ವರ್ಷದಲ್ಲೇ ಶುರುವಾಗಿ, ಒಂದು ಔಷಧಕ್ಕೂ ಬಗ್ಗದೆ, ಅರ್ಧ ಗಂಟೆ ನಿಲ್ಲದೆ ಬರುವ ಫಿಟ್ಸ್. ಅದರ ಜೊತೆಗೆ ಕುತ್ತಿಗೆ ನಿಲ್ಲುವುದು, ಕೂರುವುದು, ತೊದಲುವುದು ಹಿಂದೆ ಬೀಳುವ ಸ್ಥಿತಿ. ಇಂಥ ಮಕ್ಕಳಲ್ಲಿ ಗಣನೀಯ ಪಾಲು ಒಂದೇ ಒಂದು ಜೀನಿನ ತಪ್ಪಿನಿಂದ ಬಳಲುವವರು ಎಂಬುದು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಗೊತ್ತಾದ ಸಂಗತಿ.

ಪರೀಕ್ಷೆ ಬೇಕು ಎನ್ನುವವರ ಕೈಯಲ್ಲಿರುವ ಬಲವಾದ ಉದಾಹರಣೆ ಡ್ರಾವೆ ಸಿಂಡ್ರೋಮ್. ಫ್ರಾನ್ಸಿನ ವೈದ್ಯೆ ಶಾರ್ಲೊಟ್ ಡ್ರಾವೆ 1978ರಲ್ಲಿ ಇದನ್ನು ಗುರುತಿಸಿದರು. ಇದರ ಹಿಂದೆ ಎಸ್‌ಸಿಎನ್1ಎ ಎಂಬ ಜೀನ್ ಇದೆ ಎಂದು ಬೆಲ್ಜಿಯಂನ ತಂಡ ತೋರಿಸಿದ್ದು 2001ರಲ್ಲಿ. ಮಿದುಳಿನಲ್ಲಿ ಬೇರೆ ನರಕೋಶಗಳನ್ನು ಹದ್ದಿನಲ್ಲಿಡುವ ಕೋಶಗಳಿಗೆ ಬೇಕಾದ ಸೋಡಿಯಂ ದ್ವಾರವನ್ನು ಈ ಜೀನ್ ಕಟ್ಟುತ್ತದೆ. ಅದು ಕೆಟ್ಟರೆ ಇಳಿಜಾರಿನಲ್ಲಿ ಬ್ರೇಕ್ ಹೋದ ಬಸ್ಸಿನ ಪಾಡು. ಆಗ ಸೋಡಿಯಂ ದ್ವಾರವನ್ನೇ ಮುಚ್ಚುವ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್ ಕೊಟ್ಟರೆ ಫಿಟ್ಸ್ ಇಳಿಯುವ ಬದಲು ಏರಬಹುದು. ಕಾಯಿಲೆಯ ಹೆಸರು ಗೊತ್ತಿಲ್ಲದೆ ತಿಂಗಳುಗಟ್ಟಲೆ ಇದೇ ಔಷಧಗಳನ್ನು ಕುಡಿದ ಮಕ್ಕಳು ಜಗತ್ತಿನಾದ್ಯಂತ ಇದ್ದಾರೆ.

ಹಳೇ ಮೈಸೂರಿನ ಸೀಮೆಯಲ್ಲಿ ಈ ಗೊಂದಲಕ್ಕೆ ಇನ್ನೊಂದು ಮಗ್ಗುಲಿದೆ. ತಲೆಯ ಮೇಲೆ ಬಿಸಿನೀರು ಸುರಿದಾಗ ಬರುವ ಮೂರ್ಛೆ ನಮ್ಮಲ್ಲಿ ಅಪರೂಪವಲ್ಲ. ಬೆಂಗಳೂರಿನ ನರರೋಗ ತಜ್ಞ ಕೆ.ಎಸ್. ಮಣಿ 1960ರ ದಶಕದ ಕೊನೆಯಿಂದಲೇ ಇದರ ಬಗ್ಗೆ ಬರೆದರು. 1988ರಲ್ಲಿ ನಿಮ್ಹಾನ್ಸ್‌ನ ಪಿ. ಸತೀಶಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ಈ ಬಿಸಿನೀರಿನ ಮೂರ್ಛೆ ಬಹುಪಾಲು ಸೌಮ್ಯ ಸ್ವಭಾವದ್ದು. ನೀರಿನ ಬಿಸಿ ತಗ್ಗಿಸಿದರೆ, ಸ್ನಾನಕ್ಕೆ ಮುಂಚೆ ಕ್ಲೊಬಜಾಮ್ ಮಾತ್ರೆ ಕೊಟ್ಟರೆ ಬಹಳ ಮಂದಿಗೆ ಸಾಕಾಗುತ್ತದೆ. ಆದರೆ ಡ್ರಾವೆ ಮಕ್ಕಳಿಗೂ ಜ್ವರ ಮತ್ತು ಬಿಸಿನೀರು ಎರಡೂ ಆಗುವುದಿಲ್ಲ. ಬಾಣಂತನದ ಮನೆಯಲ್ಲಿ ಎಣ್ಣೆ ಹಚ್ಚಿ ಹಂಡೆ ನೀರು ಹಾಕಿದ ಮೇಲೆ ಆರು ತಿಂಗಳ ಮಗು ಒಂದೇ ಪಕ್ಕಕ್ಕೆ ಸೆಳೆದುಕೊಂಡು ಇಪ್ಪತ್ತು ನಿಮಿಷ ಅದುರಿದರೆ, “ಬಿಸಿನೀರಿನ ಫಿಟ್ಸು ಕಣಮ್ಮ, ನಮ್ಮ ಕಡೆ ಇದ್ದದ್ದೇ” ಎಂದು ಯಾರಾದರೂ ಸಮಾಧಾನ ಹೇಳಿಯಾರು. ಆ ವಯಸ್ಸಿಗೆ ಆ ಸಮಾಧಾನ ಹೊಂದುವುದಿಲ್ಲ. ಶುರುವಿನಲ್ಲಿ ಡ್ರಾವೆ ಮಗುವಿನ ಇಇಜಿ, ಎಂಆರ್‌ಐ ಎರಡೂ ಸರಿಯಾಗಿಯೇ ಕಾಣಬಹುದು. ಆಗ ಗುಟ್ಟು ರಟ್ಟು ಮಾಡಬಲ್ಲದ್ದು ಜೀನ್ ಪರೀಕ್ಷೆಯೇ.

ವಾದ ಇಲ್ಲಿಗೇ ನಿಲ್ಲುವುದಿಲ್ಲ. ಹುಟ್ಟಿದ ಮೊದಲ ವಾರದಲ್ಲೇ ಫಿಟ್ಸ್ ತರುವ ಕೆಸಿಎನ್‌ಕ್ಯೂ2 ಜೀನಿನ ಕಾಯಿಲೆಗೆ, ಡ್ರಾವೆ ಮಗುವಿಗೆ ಆಗದ ಅದೇ ಕಾರ್ಬಮಜೆಪಿನ್ ಚೆನ್ನಾಗಿ ಹಿಡಿಯುತ್ತದೆ. ಪಿಒಎಲ್‌ಜಿ ಎಂಬ ಜೀನ್ ಕೆಟ್ಟಿದ್ದರೆ ಸಾಮಾನ್ಯವಾಗಿ ಬಳಸುವ ವಾಲ್ಪ್ರೊಯೇಟ್ ಔಷಧವೇ ಯಕೃತ್ತನ್ನು ಮುಳುಗಿಸಬಹುದು. ಗ್ಲೂಕೋಸನ್ನು ಮಿದುಳಿಗೆ ದಾಟಿಸುವ ಎಸ್‌ಎಲ್‌ಸಿ2ಎ1 ಜೀನಿನ ದೋಷಕ್ಕೆ ಮಾತ್ರೆಗಿಂತ ಊಟವೇ ಮದ್ದು. ರಾಗಿ ಸರಿ, ಅನ್ನ, ಬೆಲ್ಲ ಬಿಡಿಸಿ ತುಪ್ಪ, ಕೆನೆ, ಕೊಬ್ಬರಿ ಎಣ್ಣೆ, ಪನೀರುಗಳ ಮೇಲೆ ಅಳತೆ ಪ್ರಕಾರ ನಿಲ್ಲಿಸುವ ಕೀಟೊ ಆಹಾರ ಅದು. ಸಸ್ಯಾಹಾರಿ ಅಡುಗೆಮನೆಯಲ್ಲೂ ಮಾಡಬಹುದಾದದ್ದು. ಎಎಲ್‌ಡಿಎಚ್7ಎ1 ಜೀನ್ ಕೆಟ್ಟ ಮಗುವಿಗೆ ಬೇಕಾದದ್ದು ವಿಟಮಿನ್ ಬಿ6. ಅಗ್ಗದ ಮಾತ್ರೆ, ಆದರೆ ಜೀವಮಾನವಿಡೀ ನಿಲ್ಲಿಸುವಂತಿಲ್ಲ. ಕಣ್ಣಿಗೆ ಒಂದೇ ರೀತಿ ಕಾಣುವ ಫಿಟ್ಸುಗಳಿಗೆ ಇಷ್ಟು ಬೇರೆ ಬೇರೆ, ಕೆಲವೊಮ್ಮೆ ಒಂದಕ್ಕೊಂದು ತದ್ವಿರುದ್ಧವಾದ ಚಿಕಿತ್ಸೆಗಳಿರುವಾಗ ಕಾರಣ ತಿಳಿಯದೆ ಹೆಜ್ಜೆಯಿಡುವುದು ಸರಿಯೇ ಎಂದು ಈ ಪಕ್ಷದವರು ಕೇಳುತ್ತಾರೆ.

ಅಂಕಿಯೂ ಅವರ ಬಳಿ ಇದೆ. 2023ರಲ್ಲಿ ಪ್ರಕಟವಾದ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳ ಜಂಟಿ ಅಧ್ಯಯನದಲ್ಲಿ, ಕಾರಣ ತಿಳಿಯದ ಫಿಟ್ಸ್ ಹೊಸದಾಗಿ ಶುರುವಾದ 100 ಎಳೆಮಕ್ಕಳ ಪೂರ್ತಿ ಜೀನೋಮನ್ನು ತುರ್ತಾಗಿ ಓದಲಾಯಿತು. 43 ಮಕ್ಕಳಲ್ಲಿ ಕಾರಣ ಸಿಕ್ಕಿತು. ಆ 43ರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಚಿಕಿತ್ಸೆ ತೀರ್ಮಾನಿಸುವುದಕ್ಕೆ ಆ ಉತ್ತರ ಉಪಯೋಗಕ್ಕೆ ಬಂತು.

ಔಷಧದ ಮಾತು ಬಿಟ್ಟರೂ ಇನ್ನೊಂದು ಲಾಭವಿದೆ, ಅದು ತಾಯಿಗೆ ಸೇರಿದ್ದು. ಮಗುವಿಗೆ ಫಿಟ್ಸ್ ಬಂದ ಮನೆಯಲ್ಲಿ ಕಾರಣ ಹುಡುಕುವ ಕಣ್ಣುಗಳು ಮೊದಲು ತಿರುಗುವುದು ಬಾಣಂತಿಯ ಕಡೆ. ಗ್ರಹಣದ ದಿನ ಹೊರಗೆ ಬಂದಿದ್ದಳೇ, ಬಸುರಿಯಲ್ಲಿ ಏನು ತಿಂದಳು, ಯಾರ ದೃಷ್ಟಿ ತಗಲಿತು, ಬಾಲಗ್ರಹವೇ? ಈಚೆಗೆ ಲಸಿಕೆಯೂ ಈ ಪಟ್ಟಿಗೆ ಸೇರಿದೆ. ಲಸಿಕೆ ಚುಚ್ಚಿದ ಮೇಲೆ ಬರುವ ಜ್ವರವೇ ಡ್ರಾವೆ ಮಗುವಿನ ಮೊದಲ ಫಿಟ್ಸಿಗೆ ನೆಪವಾಗುವುದುಂಟು. 2006ರಲ್ಲಿ ಸ್ಯಾಮ್ಯುಯೆಲ್ ಬರ್ಕೋವಿಚ್ ಮತ್ತು ಸಂಗಡಿಗರು, ಲಸಿಕೆಯಿಂದಲೇ ಮಿದುಳು ಕೆಟ್ಟಿತು ಎನ್ನಲಾಗಿದ್ದ 14 ಮಂದಿಯನ್ನು ಪರೀಕ್ಷಿಸಿದಾಗ 11 ಮಂದಿಯಲ್ಲಿ ಎಸ್‌ಸಿಎನ್1ಎ ದೋಷ ಸಿಕ್ಕಿತು. ಕಾಯಿಲೆ ಗರ್ಭದಲ್ಲೇ ಬರೆದಿತ್ತು; ಲಸಿಕೆ ಅಲ್ಲದಿದ್ದರೆ ಮುಂದಿನ ನೆಗಡಿಜ್ವರ ಅದನ್ನು ಹೊರಗೆಳೆಯುತ್ತಿತ್ತು. ಅಲ್ಲದೆ ಡ್ರಾವೆಯ ಬಹುಪಾಲು ಮಕ್ಕಳಲ್ಲಿ ಈ ತಪ್ಪು ಹೊಸದಾಗಿ ಹುಟ್ಟಿದ್ದು, ಅಪ್ಪನಲ್ಲೂ ಇಲ್ಲ, ಅಮ್ಮನಲ್ಲೂ ಇಲ್ಲ. ಇಂಥ ಹೊಸ ಬದಲಾವಣೆಗಳು ಪ್ರತಿ ಮನುಷ್ಯನಲ್ಲೂ ಹತ್ತಾರು ಇರುತ್ತವೆ, ಹೆಚ್ಚಿನವು ನಿರಪಾಯಕಾರಿ. ಯಾವುದೋ ಒಂದು ತಪ್ಪು ಜಾಗದಲ್ಲಿ ಬಿತ್ತು, ಅಷ್ಟೆ. ಯಾರ ಪಾಪವೂ ಅಲ್ಲ ಎನ್ನುವುದನ್ನು ಅಕ್ಷರದಲ್ಲಿ ಹೇಳುವ ಕಾಗದಕ್ಕೆ ಕೂಡುಕುಟುಂಬದ ಸೊಸೆಯೊಬ್ಬಳ ಪಾಲಿಗೆ ಎಷ್ಟು ಬೆಲೆ ಎಂದು ಹೊರಗಿನವರು ಅಳೆಯಲಾರರು.

ಈಗ ಎದುರು ಪಕ್ಷ. ಅವರು ವಿಜ್ಞಾನವನ್ನು ಅಲ್ಲಗಳೆಯುವುದಿಲ್ಲ. ಮೇಲಿನ ಅಂಕಿಯನ್ನೇ ಇನ್ನೊಂದು ಕಡೆಯಿಂದ ಓದುತ್ತಾರೆ. ಅತ್ಯುತ್ತಮ ಪರೀಕ್ಷೆ, ಆಯ್ದ ಮಕ್ಕಳು, ಶ್ರೀಮಂತ ದೇಶಗಳು. ಅಷ್ಟಾದರೂ 57 ಮಕ್ಕಳಿಗೆ ಉತ್ತರ ಸಿಗಲಿಲ್ಲ. ಸ್ಕಾಟ್ಲೆಂಡಿನಲ್ಲಿ ಮೂರು ವರ್ಷದೊಳಗೆ ಫಿಟ್ಸ್ ಶುರುವಾದ ಮಕ್ಕಳನ್ನು ದೇಶವಿಡೀ ಹುಡುಕಿ 333 ಮಂದಿಗೆ ಪರೀಕ್ಷೆ ಮಾಡಿದಾಗ, 2019ರ ವರದಿಯಂತೆ, 80 ಮಕ್ಕಳಲ್ಲಿ ಕಾರಣ ಕಂಡಿತು. ಅಂದರೆ ಸುಮಾರು ಕಾಲುಭಾಗ. ನಮ್ಮಲ್ಲಿ ಚಿತ್ರ ಇನ್ನೂ ಬೇರೆ. ಹೆರಿಗೆಯ ಹೊತ್ತಿಗೆ ಉಸಿರುಗಟ್ಟಿದ್ದು, ಹುಟ್ಟಿದ ಒಂದೆರಡು ದಿನದಲ್ಲಿ ಹಾಲು ಸಾಲದೆ ರಕ್ತದ ಸಕ್ಕರೆ ಕುಸಿದದ್ದು ಭಾರತದ ಎಳೆಮಕ್ಕಳಲ್ಲಿ ತೀವ್ರ ಮೂರ್ಛೆಗೆ ದೊಡ್ಡ ಕಾರಣಗಳು. ಇವುಗಳ ಗುರುತು ಎಂಆರ್‌ಐನಲ್ಲಿ ಕಾಣುತ್ತದೆ. ಅಂಥ ಮಗುವಿನ ರಕ್ತವನ್ನು ಜೀನ್ ಪ್ರಯೋಗಾಲಯಕ್ಕೆ ಕಳಿಸಿ ಆಗಬೇಕಾದ್ದೇನೂ ಇಲ್ಲ.

ಅವರ ಎರಡನೆಯ ಮಾತು ಸಮಯದ್ದು. ಫಿಟ್ಸ್ ಕಾಯುವುದಿಲ್ಲ, ವರದಿ ಕಾಯಿಸುತ್ತದೆ. ವೆಸ್ಟ್ ಸಿಂಡ್ರೋಮನ್ನೇ ತೆಗೆದುಕೊಳ್ಳಿ. ಡಬ್ಲ್ಯು.ಜೆ. ವೆಸ್ಟ್ ಎಂಬ ಇಂಗ್ಲಿಷ್ ವೈದ್ಯ ತನ್ನ ಸ್ವಂತ ಮಗನ ಸಂಕಟವನ್ನು ವಿವರಿಸಿ 1841ರಲ್ಲಿ ‘ಲ್ಯಾನ್ಸೆಟ್’ಗೆ ಬರೆದ ಪತ್ರದಿಂದ ಅದಕ್ಕೆ ಆ ಹೆಸರು. ಮಗು ನಿದ್ದೆಯಿಂದೆದ್ದ ಮೇಲೆ ತಲೆ ಬಗ್ಗಿಸಿ, ಕೈಗಳನ್ನು ಚಾಚಿ, ಕ್ಷಣಕ್ಷಣಕ್ಕೆ ಕುಗ್ಗುತ್ತದೆ. ಮನೆಯಲ್ಲಿ ಅದನ್ನು ಬೆಚ್ಚಿ ಬೀಳುವುದು, ಹೊಟ್ಟೆನೋವು ಎಂದುಕೊಂಡು ಗ್ರೈಪ್ ವಾಟರ್ ಕುಡಿಸುತ್ತಾರೆ. ಹೀಗೆ ಕಳೆದುಹೋಗುವ ವಾರಗಳು ಮಗುವಿನ ಬುದ್ಧಿಯಿಂದ ಕಳೆದುಹೋದವು. ಎಸಿಟಿಎಚ್ ಚುಚ್ಚುಮದ್ದು, ಪ್ರೆಡ್ನಿಸೊಲೋನ್, ವಿಗಾಬಾಟ್ರಿನ್ ಇವುಗಳಲ್ಲಿ ಒಂದನ್ನು ಬೇಗ ಶುರುಮಾಡುವುದೇ ಮುಖ್ಯ, ಅದಕ್ಕೆ ಜೀನಿನ ಹೆಸರು ಬೇಕಿಲ್ಲ. ಬಿ6ನ ಪ್ರಯೋಗವನ್ನು ಆಸ್ಪತ್ರೆಯಲ್ಲಿ ಉಸಿರಾಟದ ಮೇಲೆ ಕಣ್ಣಿಟ್ಟು ಇವತ್ತೇ ಮಾಡಿ ನೋಡಬಹುದು. ಬಯೋಟಿನಿಡೇಸ್ ಎಂಬ ಕಿಣ್ವದ ಕೊರತೆ ಇದೆಯೇ ಎಂಬುದು ರಕ್ತದ ಕಿಣ್ವ ಪರೀಕ್ಷೆಯಲ್ಲೇ ತಿಳಿಯುತ್ತದೆ. ಇದ್ದರೆ ಬಯೋಟಿನ್ ಮಾತ್ರೆ ಕೊಟ್ಟರಾಯಿತು. ಮೈಮೇಲೆ ಎಲೆಯಾಕಾರದ ಬಿಳಿಚಿದ ಮಚ್ಚೆಗಳನ್ನು ಕಂಡ ವೈದ್ಯರು ಟ್ಯೂಬರಸ್ ಸ್ಕ್ಲೀರೋಸಿಸ್ ಇರಬಹುದೆಂದು ಅಲ್ಲೇ ಅನುಮಾನಿಸಿ ಹೃದಯ, ಮಿದುಳುಗಳ ಚಿತ್ರ ತೆಗೆಸುತ್ತಾರೆ. ಪಳಗಿದ ಮಕ್ಕಳ ನರರೋಗ ತಜ್ಞರಿಗೆ ಡ್ರಾವೆಯ ಸುಳಿವೂ ವರದಿಗೆ ಮುಂಚೆಯೇ ಹತ್ತುತ್ತದೆ. ಇಂಥ ಕಣ್ಣನ್ನು ತಯಾರು ಮಾಡುವುದಕ್ಕೆ ಹಣ ಹಾಕಿ ಎಂದು ಅವರ ಸಲಹೆ.

ಮೂರನೆಯದು ಉತ್ತರದ ಗುಣಮಟ್ಟ. ವರದಿ ಯಾವಾಗಲೂ ಹೌದು ಅಥವಾ ಇಲ್ಲ ಎಂದು ಬರುವುದಿಲ್ಲ. ಬದಲಾವಣೆ ಇದೆ, ಆದರೆ ಅದರಿಂದಲೇ ಕಾಯಿಲೆ ಎನ್ನಲು ಆಧಾರ ಸಾಲದು ಎಂಬ ಮೂರನೇ ಬಗೆಯ ವರದಿಗಳೂ ಬರುತ್ತವೆ. ಹೋಲಿಸಿ ನೋಡುವ ಜಾಗತಿಕ ಜೀನ್ ಸಂಗ್ರಹಗಳಲ್ಲಿ ಯುರೋಪ್ ಮೂಲದವರೇ ಹೆಚ್ಚಿರುವುದರಿಂದ, ನಮ್ಮವರಲ್ಲಿ ಸಾಮಾನ್ಯವೂ ನಿರಪಾಯಕಾರಿಯೂ ಆಗಿರಬಹುದಾದ ಬದಲಾವಣೆ ಅಲ್ಲಿ ಅಪರೂಪವೆಂದು ಕಂಡು ಅನುಮಾನದ ಪಟ್ಟಿಗೆ ಸೇರುತ್ತದೆ. ಜೀನೋಮ್ ಇಂಡಿಯಾದಂಥ ಯೋಜನೆ ಈ ಕೊರತೆಯನ್ನು ತುಂಬಲೆಂದೇ ಹುಟ್ಟಿದ್ದು. ಆದರೆ ನಮ್ಮ ಸಮುದಾಯಗಳ ಲೆಕ್ಕಕ್ಕೆ ಹತ್ತು ಸಾವಿರ ಸಣ್ಣ ಸಂಖ್ಯೆ. ಅರ್ಥವಾಗದ ಇಂಥ ವರದಿಯನ್ನು ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ದಂಪತಿಗೆ ಪರೀಕ್ಷೆ ನೆಮ್ಮದಿ ಕೊಟ್ಟಿತೆನ್ನಲು ಆಗುವುದಿಲ್ಲ. ಅಪ್ಪ, ಅಮ್ಮ, ಮಗು ಮೂವರ ರಕ್ತವನ್ನೂ ಒಟ್ಟಿಗೆ ನೋಡಿದರೆ ಈ ಅಸ್ಪಷ್ಟತೆ ಬಹಳ ಮಟ್ಟಿಗೆ ಕರಗುತ್ತದೆ. ಖರ್ಚೂ ಅದಕ್ಕೆ ತಕ್ಕಂತೆ ಏರುತ್ತದೆ.

ಖರ್ಚಿನ ಮಾತು ಬಂದಾಗ ಬಸವನಗುಡಿಯ ಆಚೆಗೂ ನೋಡಬೇಕಾಗುತ್ತದೆ. ಬೆಂಗಳೂರು ನಗರ ಮತ್ತು ಗ್ರಾಮೀಣ ಭಾಗದ ಲಕ್ಷಕ್ಕೂ ಹೆಚ್ಚು ಜನರನ್ನು ನಿಮ್ಹಾನ್ಸ್ ತಂಡ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿ 2004ರಲ್ಲಿ ವರದಿ ಕೊಟ್ಟಿತು. ಮೂರ್ಛೆರೋಗ ಪೇಟೆಯಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9. ಹೊರೆ ಹೆಚ್ಚಿರುವುದು ಪರೀಕ್ಷೆ ದೂರವಿರುವ ಕಡೆ. ಜೀನುಗಳನ್ನು ಒಟ್ಟಾಗಿ ಓದುವ ಒಂದು ಎಕ್ಸೋಮ್ ಪರೀಕ್ಷೆಗೆ ಹತ್ತಾರು ಸಾವಿರ ರೂಪಾಯಿ. ಅದೇ ಹಣದಲ್ಲಿ ಎಷ್ಟು ಮಕ್ಕಳಿಗೆ ವರ್ಷಗಟ್ಟಲೆ ಫಿನೊಬಾರ್ಬಿಟೋನ್ ಕೊಡಬಹುದು ಎಂದು ಲೆಕ್ಕ ಹಾಕುವವರು ಕಲ್ಲುಮನಸ್ಸಿನವರಲ್ಲ. ಇನ್ನು ಕಾರಣ ತಿಳಿದ ಮೇಲೂ ಸ್ಟಿರಿಪೆಂಟಾಲ್, ಫೆನ್‌ಫ್ಲೂರಮೈನ್‌ಗಳಂಥ ಹೊಸ ಔಷಧಗಳು ಮಧ್ಯಮವರ್ಗದ ಕೈಗೂ ಸುಲಭವಾಗಿ ಎಟುಕುವಂಥವಲ್ಲ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಸಂಸ್ಥೆ ಜೊತೆಗೂಡಿ ಉತ್ಕೃಷ್ಟತಾ ಕೇಂದ್ರವೆನಿಸಿವೆ; ಆದರೆ ಆ ನೀತಿಯ ನೆರವು ಪಟ್ಟಿಗೆ ಸೇರಿದ ಕಾಯಿಲೆಗಳಿಗೆ ಮಾತ್ರ.

ಇಬ್ಬರ ವಾದವೂ ತೊಡಕಾಗುವ ಜಾಗವೊಂದಿದೆ. ಅದು ಸಂಬಂಧದೊಳಗಿನ ಮದುವೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎಚ್.ಎಸ್. ಸಾವಿತ್ರಿ ಮತ್ತು ಅವರೊಡನೆ ದುಡಿದ ಎ.ಎಚ್. ಬಿಟಲ್ಸ್ ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ತಪಾಸಣೆ ನಡೆಸಿದಾಗ ತಾಯ್ತಂದೆಯರ ಸಂಬಂಧವನ್ನೂ ದಾಖಲಿಸಿದರು. ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದು. ಅದರಲ್ಲೂ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟದ್ದೇ ಹೆಚ್ಚು. 1955ರ ಹಿಂದೂ ವಿವಾಹ ಕಾಯಿದೆ ಇಂಥ ಮದುವೆಯನ್ನು ನಿಷೇಧಿತ ಸಂಬಂಧವೆಂದರೂ ರೂಢಿಯಿದ್ದ ಕಡೆ ಬಿಟ್ಟುಕೊಟ್ಟಿದೆ. ಗೋತ್ರ ಬೇರೆಯೆಂದು ನಾವು ನಿಶ್ಚಿಂತರಾಗುತ್ತೇವೆ. ಆದರೆ ಸೋದರಮಾವ ಮತ್ತು ಸೊಸೆ ಜೀನುಗಳಲ್ಲಿ ಸರಾಸರಿ ಕಾಲುಭಾಗವನ್ನು ಹಂಚಿಕೊಂಡಿರುತ್ತಾರೆ. ಇಬ್ಬರಲ್ಲೂ ಒಂದೇ ದೋಷ ಮರೆಯಲ್ಲಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ಹಾಗೆಂದು ಎಲ್ಲ ಮೂರ್ಛೆಯನ್ನೂ ಈ ಮದುವೆಗಳ ತಲೆಗೆ ಕಟ್ಟುವುದು ತಪ್ಪು. ಬಿ6 ಬೇಡುವ ಕಾಯಿಲೆ, ಬಯೋಟಿನಿಡೇಸ್ ಕೊರತೆ ಇಂಥವು ತಾಯಿ ತಂದೆ ಇಬ್ಬರಿಂದಲೂ ಬರಬೇಕು. ಅಲ್ಲಿ ರಕ್ತಸಂಬಂಧ ಲೆಕ್ಕಕ್ಕೆ ಬರುತ್ತದೆ. ಡ್ರಾವೆ, ಕೆಸಿಎನ್‌ಕ್ಯೂ2ನ ತೀವ್ರ ರೂಪ, ಸಿಡಿಕೆಎಲ್5 ಎಂಬ ಜೀನಿನ ಕಾಯಿಲೆ ಇವುಗಳಲ್ಲಿ ಬಹುಪಾಲು ಹೊಸ ತಪ್ಪುಗಳು; ಸೋದರಮಾವನ ಬದಲು ಹೊರಗಿನ ಗಂಡನ್ನು ತಂದಿದ್ದರೂ ತಪ್ಪುತ್ತಿರಲಿಲ್ಲ. ಯಾವುದು ಯಾವುದೆಂದು ಹೇಳಬಲ್ಲದ್ದು ಪರೀಕ್ಷೆ ಮಾತ್ರ ಎಂದು ಮೊದಲ ಪಕ್ಷ ಇಲ್ಲಿ ಗೆಲ್ಲುತ್ತದೆ. ಅದೇ ಉಸಿರಿನಲ್ಲಿ ಎರಡನೆಯ ಪಕ್ಷ ಕೇಳುತ್ತದೆ: ವರದಿಯಲ್ಲಿ ತಾಯಿಯಿಂದ ಬಂದದ್ದು ಎಂದಿದ್ದರೆ? ಆ ಮನೆಯ ನಾದಿನಿಯ ಮದುವೆಯ ಮಾತುಕತೆಯಲ್ಲಿ ಈ ಸುದ್ದಿ ಎಲ್ಲಿಗೆ ಹೋಗಿ ಮುಟ್ಟುತ್ತದೆ? ತಾಯಿಯ ತಪ್ಪಿಲ್ಲವೆಂದು ಸಾರಬೇಕಿದ್ದ ಕಾಗದವೇ ಅವಳ ಮೇಲೆ ಬೊಟ್ಟು ಮಾಡುವ ಸಾಕ್ಷಿಯಾಗಬಹುದು. ಪರೀಕ್ಷೆಗೆ ಮುಂಚೆ ಒಂದು ಗಂಟೆ, ವರದಿ ಬಂದ ಮೇಲೆ ಒಂದು ಗಂಟೆ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಕನ್ನಡದಲ್ಲಿ ಬಿಡಿಸಿ ಹೇಳುವ ಜೆನೆಟಿಕ್ ಕೌನ್ಸೆಲರ್ ಇಲ್ಲದಿದ್ದರೆ ಈ ಭಯ ನಿಜವಾಗುತ್ತದೆ. ಅಂಥವರು ನಮ್ಮಲ್ಲಿ ಸಾಲದು.

ಮುಂದಿನ ಮಗುವಿನ ವಿಚಾರವೂ ಹೀಗೇ ಎರಡು ಅಲಗಿನದು. ಕಾರಣವಾದ ಜೀನ್ ಗೊತ್ತಿದ್ದರೆ ಮುಂದಿನ ಬಸಿರಿನಲ್ಲಿ ಭ್ರೂಣದ ಪರೀಕ್ಷೆ ಮಾಡಿಸಬಹುದು. 1994ರ ಪ್ರಸವಪೂರ್ವ ಪರೀಕ್ಷಾ ಕಾಯಿದೆ ಲಿಂಗ ತಿಳಿಸುವುದನ್ನು ನಿಷೇಧಿಸುತ್ತದೆ, ಆನುವಂಶಿಕ ಕಾಯಿಲೆ ಪತ್ತೆಗೆ ನಿಯಮದೊಳಗೆ ಅವಕಾಶ ಕೊಡುತ್ತದೆ. ಹೊಸ ತಪ್ಪು ಎಂದ ಮಾತ್ರಕ್ಕೆ ಮುಂದಿನ ಮಗುವಿಗೆ ಅಪಾಯ ಸೊನ್ನೆಯಲ್ಲ. ತಾಯಿಯದೋ ತಂದೆಯದೋ ಅಂಡ, ವೀರ್ಯಗಳ ಒಂದು ಪಾಲಿನಲ್ಲಿ ಅದು ಅಡಗಿರುವ ಸಣ್ಣ ಸಾಧ್ಯತೆ ಉಳಿಯುತ್ತದೆ. ಈ ಮಾಹಿತಿ ಕೆಲವರಿಗೆ ಧೈರ್ಯ. ಗರ್ಭಪಾತಕ್ಕೆ ಮನಸ್ಸೊಪ್ಪದವರಿಗೆ ಅದೇ ಒಂಬತ್ತು ತಿಂಗಳ ಯಾತನೆ. ತಿಳಿಯದಿರುವ ಹಕ್ಕೂ ಅವರದೇ.

ಎರಡು ತಟ್ಟೆಗಳಲ್ಲೂ ಇಷ್ಟನ್ನಿಟ್ಟ ಮೇಲೆ ನನಗೆ ಕಾಣುವುದು ಇದು: ಈ ಜಗಳ ಬೇಕು ಬೇಡಗಳದ್ದು ಎನಿಸಿದರೂ ಬಹುಪಾಲು ಯಾವುದು ಮೊದಲು, ಯಾವುದು ಆಮೇಲೆ ಎಂಬ ಸರದಿಯದ್ದು. ಸಕ್ಕರೆ, ಕ್ಯಾಲ್ಸಿಯಂ, ಇಇಜಿ, ಎಂಆರ್‌ಐ, ಬಿ6ನ ಪ್ರಯೋಗ ಇವಾವುವೂ ಜೀನಿಗಾಗಿ ಕಾಯಬಾರದು. ಹೆರಿಗೆಯ ಕಥೆ ಮತ್ತು ಎಂಆರ್‌ಐ ಒಂದನ್ನೊಂದು ಒಪ್ಪಿ ಕಾರಣ ಹೇಳಿದರೆ ಜೀನಿನ ಗೊಡವೆ ಬೇಡ. ಒಪ್ಪದಿದ್ದರೆ, ಮಗು ಒಂದು ವರ್ಷದೊಳಗಿನದಾಗಿದ್ದು ಔಷಧಕ್ಕೆ ಫಿಟ್ಸ್ ಬಗ್ಗದಿದ್ದರೆ, ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಕೊನೆಗೆ ತಟ್ಟುವ ಬಾಗಿಲಾಗಿ ಜೀನ್ ಪರೀಕ್ಷೆಯನ್ನು ಇಡುವುದು ಸರಿಯಲ್ಲ. ಅದೇ ವಾರ ಮೂವರ ರಕ್ತವನ್ನೂ ಕಳಿಸಬೇಕು. ಎರಡು ವರ್ಷ ತಡವಾಗಿ ಬಂದ ಸರಿಯುತ್ತರ, ಅಷ್ಟರಲ್ಲಿ ಕುಡಿಸಿಯಾದ ತಪ್ಪು ಔಷಧವನ್ನು ವಾಪಸು ಪಡೆಯಲಾರದು. ಖರ್ಚಿನ ವಾದ ಸರ್ಕಾರಕ್ಕೆ ಹೇಳಬೇಕಾದದ್ದು. ವೈದ್ಯರ ಮುಂದೆ ಕೂಸನ್ನೆತ್ತಿಕೊಂಡು ಕೂತ ತಾಯಿಗೆ ಅದನ್ನು ಹೇಳುವುದರಲ್ಲಿ ನ್ಯಾಯವಿಲ್ಲ.

ಆ ತಾಯ್ತಂದೆಯರು ರಕ್ತ ಕೊಡುವ ಮುನ್ನ ವೈದ್ಯರನ್ನು ಒಂದು ಮಾತು ಕೇಳಲಿ: ಈ ವರದಿಯಿಂದ ನಾಳೆ ಕೊಡುವ ಔಷಧ ಬದಲಾದೀತೇ, ಮುಂದಿನ ಬಸಿರಿನ ತೀರ್ಮಾನ ಬದಲಾದೀತೇ, ಇವತ್ತು ನಮ್ಮ ಮನೆಯಲ್ಲಿರುವ ಅನುಮಾನ ತೀರೀತೇ? ಮೂರರಲ್ಲಿ ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಪರೀಕ್ಷೆಗೆ ಹಾಕುವ ಹಣ ದಂಡವಲ್ಲ. ಮೂರಕ್ಕೂ ಇಲ್ಲ ಎಂದರೆ ಆ ಹಣ ಮಗುವಿನ ಫಿಸಿಯೋಥೆರಪಿಗೆ ಹೋಗಲಿ.